ದೀಪದ ಬುಡದ ಕತ್ತಲೆ

ಮನೆಗೆ ಬಾಗಿಲೇಕೆ? ಕಳ್ಳರ ಭಯವೊಂದೇ ಅದಕ್ಕೆ ಕಾರಣವಲ್ಲ. ಬಚ್ಚಿಡುವಂಥದೇನೂ ಇಲ್ಲದವರೂ ಕದವಿಕ್ಕಿಕೊಳ್ಳುತ್ತಾರೆ. ತನ್ನ ಬಾಳಿನಲ್ಲಿ ಯಾವುದನ್ನು ಯಾರಿಗೆ ತೋರಿಸಬೇಕೆಂಬುದನ್ನು ತಾನೇ ನಿರ್ಧರಿಸುವ ಅಧಿಕಾರ ಮನುಷ್ಯನಿಗೆ ಬೇಕು. ಇದನ್ನೇ ಖಾಸಗಿತನವೆನ್ನುತ್ತೇವೆ.

ಇಂದು ಬಂಧುಮಿತ್ರರ ಸಂಖ್ಯೆಗಳು, ಭಾವಚಿತ್ರಗಳು, ನಡೆದ ದಾರಿ, ಮಾಡಿದ ಖರ್ಚು ಎಲ್ಲವೂ ಮೊಬೈಲಿನೊಳಗೆ ಸೇರಿವೆ. ಈ ಹೊಸ ಮನೆಗೆ ಬಾಗಿಲನ್ನಿಡುವವರು ತಂತ್ರಾಂಶವನ್ನು ರಚಿಸುವವರು. ಅವರು ಮನೆಯವರಿಗೆ ತಿಳಿಸದೆ ಹಿತ್ತಿಲ ಬಾಗಿಲೊಂದನ್ನು ತೆರೆದಿಟ್ಟರೆ ಏನಾದೀತು?

ಮೊಬೈಲನ್ನೇ ಟಾರ್ಚಿನಂತೆ ಬೆಳಗಿಸುವ ಆಪ್ ಒಂದು ಅಮೆರಿಕದಲ್ಲಿ ಬಹು ಜನಪ್ರಿಯವಾಗಿತ್ತು. ಅದಕ್ಕೆ ಬೆಲೆಯಿರಲಿಲ್ಲ, ಜನರು ಅದನ್ನು ಕೋಟಿಗಟ್ಟಲೆ ಸಲ ಇಳಿಸಿಕೊಂಡಿದ್ದರು. ಬಳಸುವವರು ಎಲ್ಲಿದ್ದಾರೆಂಬ ವಿವರವನ್ನು ಅದು ಜಾಹೀರಾತು ಜಾಲಗಳಿಗೆ ರವಾನಿಸುತ್ತಿದೆಯೆಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2013ರಲ್ಲಿ ಆರೋಪಿಸಿತು. ನಿಬಂಧನೆಗಳನ್ನು ಒಪ್ಪಲು ಒಂದು ಗುಂಡಿ, ನಿರಾಕರಿಸಲು ಇನ್ನೊಂದು ಗುಂಡಿ ಇದ್ದವು; ಆದರೆ ಬಳಸುವವರು ಯಾವುದನ್ನೂ ಒತ್ತುವ ಮೊದಲೇ ವಿವರವು ಹೊರಟುಹೋಗುತ್ತಿತ್ತೆಂದೂ ಕಮಿಷನ್ ತಿಳಿಸಿತು. ಕೊನೆಗೆ, ಸಂಗ್ರಹಿಸಿದ್ದನ್ನು ಅಳಿಸಿಹಾಕಲು ತಯಾರಕರು ಒಪ್ಪಬೇಕಾಯಿತು. ದೀಪದ ಬುಡದಲ್ಲೇ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ತಕ್ಕ ನಿದರ್ಶನ ಬೇಕಿಲ್ಲ.

ತಂತ್ರಾಂಶ ರಚಿಸುವವರ ಧರ್ಮವೇನೆಂಬುದು ಇದರಿಂದ ತಿಳಿಯುತ್ತದೆ. ಕೆಲಸಕ್ಕೆ ಎಷ್ಟು ವಿವರ ಬೇಕೋ ಅಷ್ಟನ್ನೇ ಕೇಳಬೇಕು; ದೀಪ ಹಚ್ಚುವವನಿಗೆ ನಮ್ಮ ವಿಳಾಸವೇಕೆ? ಏನನ್ನು, ಏತಕ್ಕಾಗಿ ಪಡೆಯುತ್ತೇವೆ, ಯಾರಿಗೆ ಕೊಡುತ್ತೇವೆ ಎಂಬುದನ್ನು ಮೊದಲೇ ತಿಳಿಯುವ ಮಾತಿನಲ್ಲಿ ಹೇಳಬೇಕು. ಬೇಡವೆಂದವರ ಮಾತನ್ನು ಮನ್ನಿಸಬೇಕು. ಕೆಲಸ ಮುಗಿದ ಮೇಲೆ ಪಡೆದುದನ್ನು ಅಳಿಸಬೇಕು. ಪಡೆಯದೆ ಇದ್ದುದು ಕಳವಾಗುವ ಭಯವೂ ಇಲ್ಲ.

ನಮ್ಮ ದೇಶದಲ್ಲಿಯೂ ಈ ಪ್ರಶ್ನೆ ನ್ಯಾಯಾಲಯದ ಮುಂದೆ ಬಂದಿತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಆ ಮೊಕದ್ದಮೆಯಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು, ಒಪ್ಪಿಗೆ ಕೇಳುವ ಸೂಚನೆಯನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಅವಕಾಶವಿರಬೇಕೆಂದು ಹೇಳುತ್ತದೆ. ಅರ್ಥವಾಗದ ಭಾಷೆಯಲ್ಲಿ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲವಷ್ಟೆ!

ಆದರೆ ತಂತ್ರಾಂಶದ ಒಳಗೆ ನಡೆಯುವುದೆಲ್ಲ ಕಾನೂನಿನ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಮೊದಲು ಬಲ್ಲವರು ಬರೆದವರೇ. ನಾಳೆ ನಿಮ್ಮಲ್ಲಿ ಕೆಲವರು ಆ ಕೆಲಸಕ್ಕೆ ಕೈಹಾಕುವಿರಿ. ಆಗ, ಬಳಸುವವರ ಮುಂದೆ ಹೇಳಲು ನಾಚುವಂಥದನ್ನು ಅವರಿಗೆ ತಿಳಿಯದಂತೆಯೂ ಮಾಡಬಾರದೆಂಬುದನ್ನು ನೆನಪಿಡಿರಿ.