ಕಂತು ಕೇಳುವಾಗ ಹೊಸಿಲ ಆಚೆ ನಿಲ್ಲೋಣ



ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ, ಯಾವ ಕಡೆ ಸಭೆಗೆ ಹೋದರೂ ನಮಗೆ ಎದುರಾಗುವ ಪ್ರಶ್ನೆ ಒಂದೇ: "ಸಿಸ್ಟರ್, ಕಂತು ಕಟ್ಟದವರನ್ನ ಏನು ಮಾಡೋದು?" ಬೈಬಲ್ ಅಂದರೆ ಪ್ರಾರ್ಥನೆ, ಉಪವಾಸ ಅಷ್ಟೇ ಅಂತ ಅಂದುಕೊಂಡವರಿಗೆ, ಸಾಲ ವಸೂಲಿ ಬಗ್ಗೆಯೂ ಅದರಲ್ಲಿ ಬರೆದಿದೆ ಅಂದರೆ ಆಶ್ಚರ್ಯವಾಗುತ್ತದೆ.

ಧರ್ಮೋಪದೇಶಕಾಂಡದ 24ನೇ ಅಧ್ಯಾಯ ನೋಡಿ. ಬೀಸುವ ಕಲ್ಲನ್ನು ಒತ್ತೆ ಇಟ್ಟುಕೊಳ್ಳಬಾರದು, ಮೇಲಿನ ಕಲ್ಲನ್ನು ಕೂಡ. ಅದನ್ನು ತೆಗೆದುಕೊಂಡರೆ ಮನೆಯವರ ಜೀವವನ್ನೇ ಒತ್ತೆ ಇಟ್ಟುಕೊಂಡಂತೆ. ನಮ್ಮ ಕಡೆ ಆ ಬೀಸುವ ಕಲ್ಲು ಯಾವುದು? ಕರೆಯುವ ಹಸು, ಹೊಲಿಗೆ ಯಂತ್ರ, ರೇಷ್ಮೆ ಹುಳುವಿನ ಚಂದ್ರಿಕೆ. ಹಸು ಮಾರಿಸಿದರೆ ಈ ವಾರದ ಕಂತು ಬರುತ್ತದೆ. ಮುಂದಿನ ವಾರದ್ದು ಎಲ್ಲಿಂದ ಬರಬೇಕು?

ಅದೇ ಅಧ್ಯಾಯದಲ್ಲಿ ಇನ್ನೊಂದು ಮಾತಿದೆ. ಸಾಲ ಕೊಟ್ಟವನು ಒತ್ತೆ ತರಲು ಸಾಲಗಾರನ ಮನೆಯೊಳಗೆ ನುಗ್ಗಬಾರದು. ಹೊರಗೆ ನಿಲ್ಲಬೇಕು, ಸಾಲಗಾರನೇ ತಂದುಕೊಡಬೇಕು. ಸಾಲ ತೆಗೆದುಕೊಂಡ ಮಾತ್ರಕ್ಕೆ ಮನೆಯ ಮರ್ಯಾದೆಯನ್ನು ಬರೆದುಕೊಟ್ಟಂತಲ್ಲ. ಹತ್ತು ಮಂದಿ ಸೇರಿ ಒಬ್ಬಳ ಬಾಗಿಲಲ್ಲಿ ಕೂತು, ಮಕ್ಕಳ ಎದುರಿಗೆ ಬೈದು ಬಂದ ಸಂಘಗಳೂ ಇವೆ. ಹಣ ಬಂದಿರಬಹುದು, ಆಕೆ ಮತ್ತೆ ಸಭೆಗೆ ಬರುತ್ತಾಳಾ?

ಹಾಗಂತ ಸಾಲ ತೀರಿಸದೆ ಇರಬಹುದು ಅಂತ ಅಲ್ಲ. ಸಾಲ ಪಡೆದು ಹಿಂದಕ್ಕೆ ಕೊಡದವನನ್ನು 37ನೇ ಕೀರ್ತನೆ ದುಷ್ಟ ಅಂತಲೇ ಕರೆಯುತ್ತದೆ. ಆದ್ದರಿಂದ ಮೊದಲು ವಿಚಾರಿಸಬೇಕು. ಟೊಮೆಟೊ ಬೆಲೆ ಬಿದ್ದು ಬುಟ್ಟಿಯ ಕೂಲಿಯೂ ಹುಟ್ಟದವಳು ಬೇರೆ, ಸಂಘದಿಂದ ಕಡಿಮೆ ಬಡ್ಡಿಗೆ ತೆಗೆದು ಹೊರಗೆ ಮೀಟರ್ ಬಡ್ಡಿಗೆ ಬಿಟ್ಟವಳು ಬೇರೆ. ಬಡವರ ಹತ್ತಿರ ಬಡ್ಡಿ ವಸೂಲಿ ಮಾಡಬೇಡಿ ಎಂಬ ವಿಮೋಚನಾಕಾಂಡದ ಮಾತು ಎರಡನೆಯವಳಿಗೆ ನೇರವಾಗಿ ತಾಗುತ್ತದೆ.

ಮೊದಲನೆಯವಳಿಗೆ ಅರಸುಗಳ ಎರಡನೇ ಗ್ರಂಥದ 4ನೇ ಅಧ್ಯಾಯದಲ್ಲಿ ದಾರಿಯಿದೆ. ಗಂಡ ತೀರಿಹೋದ ಹೆಂಗಸು. ಸಾಲ ಕೊಟ್ಟವನು ಅವಳ ಇಬ್ಬರು ಗಂಡುಮಕ್ಕಳನ್ನು ಜೀತಕ್ಕೆ ಒಯ್ಯಲು ಬರುತ್ತಿದ್ದಾನೆ. ಪ್ರವಾದಿ ಎಲೀಷ ಅವಳನ್ನು ಕೇಳಿದ್ದು, ಮನೆಯಲ್ಲಿ ಏನಿದೆ ಅಂತ. ಸ್ವಲ್ಪ ಎಣ್ಣೆ ಇತ್ತು. ನೆರೆಹೊರೆಯವರ ಹತ್ತಿರ ಖಾಲಿ ಪಾತ್ರೆ ಕೇಳಿ ತರಲು ಹೇಳಿದ. ಇದ್ದಷ್ಟೂ ಪಾತ್ರೆ ತುಂಬಿತು, ಎಣ್ಣೆ ಮಾರಿ ಸಾಲ ತೀರಿಸಿದಳು, ಉಳಿದದ್ದರಲ್ಲಿ ಬಾಳಿದಳು. ಪವಾಡ ದೇವರದ್ದು, ನಿಜ. ಪಾತ್ರೆ ಮಾತ್ರ ಅಕ್ಕಪಕ್ಕದವರದ್ದು. ಸಂಘದ ಕೆಲಸವೂ ಅದೇ: ಕಂತನ್ನು ಚಿಕ್ಕದು ಮಾಡುವುದು, ಎರಡು ತಿಂಗಳು ಬಡ್ಡಿ ಮಾತ್ರ ಪಡೆಯುವುದು, ಕೂಲಿ ಎಲ್ಲಿ ಸಿಗುತ್ತದೆ ಅಂತ ತಿಳಿಸುವುದು.

ಸಂಘದ ಸಾಲದ ಜೊತೆಗೆ ಫೈನಾನ್ಸ್ ಕಂಪನಿಗಳ ಸಾಲವೂ ಹಲವರಿಗಿದೆ. 2009ರಲ್ಲಿ ಕೋಲಾರದಲ್ಲಿ ಬಹಳ ಮಹಿಳೆಯರು ಕಂತು ನಿಲ್ಲಿಸಿದಾಗ, ಒಂದೇ ಮನೆಗೆ ನಾಲ್ಕಾರು ಕಡೆಯ ಸಾಲ ಇದ್ದದ್ದು ಹೊರಗೆ ಬಂತು. 2022ರಲ್ಲಿ ರಿಸರ್ವ್ ಬ್ಯಾಂಕ್ ತಂದ ನಿಯಮದ ಪ್ರಕಾರ ಮನೆಯ ಎಲ್ಲ ಸಾಲದ ಕಂತು ಸೇರಿ ತಿಂಗಳ ಆದಾಯದ ಅರ್ಧ ದಾಟಬಾರದು. ವಸೂಲಿಗೆ ಇಬ್ಬರೂ ಒಪ್ಪಿದ ಜಾಗ ಇರಬೇಕು. ಸತತ ಎರಡು ಸಲ ಅಲ್ಲಿಗೆ ಬಾರದಿದ್ದರೆ ಮಾತ್ರ ಮನೆಗೆ ಬರಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡಿ ಕಾಡುವಂತಿಲ್ಲ. ಬಲವಂತದ ವಸೂಲಿ ತಡೆಯಲು ನಮ್ಮ ರಾಜ್ಯವೂ 2025ರಲ್ಲಿ ಕಾನೂನು ತಂದಿದೆ. ಹೊರಗೆ ನಿಲ್ಲು ಅನ್ನುವ ಹಳೆಯ ಮಾತು ಸರ್ಕಾರಿ ಕಾಗದದಲ್ಲಿ ಬಂದಂತಾಯಿತು.

ಮುಂದಿನ ಸಭೆಯಲ್ಲಿ ಕಂತು ಬಾಕಿ ಇರುವವರ ಹೆಸರು ಓದುವ ಮುಂಚೆ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೇ ಹೋಗಿ ಅವರನ್ನು ಕಂಡು ಬನ್ನಿ. ಒಳಗೆ ಕರೆದರೆ ಹೋಗಿ. ಏನು ಒಪ್ಪಿಕೊಂಡರೋ ಅದನ್ನು ಠರಾವು ಪುಸ್ತಕದಲ್ಲಿ ಬರೆದು ಅವರ ಸಹಿಯನ್ನೂ ಹಾಕಿಸಿ.