ನಾರ್ಡಿಕ್ ಕಲಾಲೋಕ: ಹೊರಗಿನಿಂದ ಬಂದ ಕಲಾವಿದರಿಗೆ ಚಿಲಕ ಎಲ್ಲೆಲ್ಲಿದೆ?

2010ರಲ್ಲಿ ಫಿನ್ಲೆಂಡಿನ ಪ್ರತಿಷ್ಠಿತ ಸಾಹಿತ್ಯ ಪ್ರಶಸ್ತಿ ಫಿನ್‌ಲಂಡಿಯಾದ ಅಂತಿಮ ಪಟ್ಟಿಯಲ್ಲಿ ಅಲೆಕ್ಸಾಂಡ್ರಾ ಸಾಲ್ಮೆಲಾ ಎಂಬ ಲೇಖಕಿಯ ಮೊದಲ ಕಾದಂಬರಿಯೂ ಇತ್ತು. ಆಕೆ ಹುಟ್ಟಿದ್ದು ಬ್ರಾಟಿಸ್ಲಾವಾದಲ್ಲಿ, ಸ್ಲೊವಾಕಿಯಾದ ಪ್ರಜೆ. ಕಾದಂಬರಿ ಬರೆದದ್ದು ಮಾತ್ರ ಫಿನ್ನಿಷ್ ಭಾಷೆಯಲ್ಲಿ. ತೊಡಕು ಎದ್ದದ್ದು ಇಲ್ಲೇ: ಪ್ರಶಸ್ತಿ ಫಿನ್ಲೆಂಡಿನ ಪೌರರಿಗೆ ಮಾತ್ರ ಎಂದು ನಿಯಮಾವಳಿ ಹೇಳುತ್ತಿತ್ತು. ಪ್ರಶಸ್ತಿ ಕೊಡುವ ಪ್ರತಿಷ್ಠಾನ ಆಕೆಯ ಹೆಸರನ್ನು ಕೈಬಿಡಲಿಲ್ಲ, ಆ ನಿಯಮವನ್ನೇ ತೆಗೆದುಹಾಕಿತು. ಆ ವರ್ಷದ ಪ್ರಶಸ್ತಿ ಮಿಕ್ಕೊ ರಿಮ್ಮಿನೆನ್ ಪಾಲಾಯಿತು. ನಿಯಮ ಮಾತ್ರ ಮತ್ತೆ ಮರಳಿ ಬರಲಿಲ್ಲ.

ನಾರ್ಡಿಕ್ ದೇಶಗಳ ಕಲಾಕ್ಷೇತ್ರ ಹೊರದೇಶದಲ್ಲಿ ಹುಟ್ಟಿದ ಕಲಾವಿದರನ್ನು ಹೇಗೆ ಒಳಗೊಳ್ಳಬೇಕು ಎಂಬ ಚರ್ಚೆ ಡೆನ್ಮಾರ್ಕ್, ಸ್ವೀಡನ್, ನಾರ್ವೆ, ಫಿನ್ಲೆಂಡ್, ಐಸ್‌ಲ್ಯಾಂಡ್ ಐದರಲ್ಲೂ ಎರಡು ದಶಕಗಳಿಂದ ನಡೆದಿದೆ. ಸ್ವೀಡನ್ 2006ನ್ನು ಬಹುಸಂಸ್ಕೃತಿಯ ವರ್ಷವೆಂದು ಆಚರಿಸಿತು, ನಾರ್ವೆ 2008ನ್ನು ಸಾಂಸ್ಕೃತಿಕ ವೈವಿಧ್ಯದ ವರ್ಷವೆಂದು ಘೋಷಿಸಿತು. ಇಂಥ ವರ್ಷಗಳಿಗಿಂತ ಸಾಲ್ಮೆಲಾ ಪ್ರಕರಣದಲ್ಲಿ ಅಳಿಸಿಹೋದ ಆ ಒಂದು ಸಾಲು ಹೆಚ್ಚು ಕೆಲಸ ಮಾಡಿತು ಎಂದು ನನ್ನ ದೃಢ ನಂಬಿಕೆ. ಆಕೆಯನ್ನು ಯಾರೂ ಬೇಡವೆಂದಿರಲಿಲ್ಲ. ತೀರ್ಪುಗಾರರು ಪುಸ್ತಕ ಮೆಚ್ಚಿದ್ದರು, ಓದುಗರೂ ಮೆಚ್ಚಿದ್ದರು. ಅಡ್ಡ ಬಂದದ್ದು ಎಂದೋ ಬರೆದಿಟ್ಟು ಯಾರೂ ಮತ್ತೆ ನೋಡದ ಒಂದು ಷರತ್ತು. ಅಂಥ ಷರತ್ತುಗಳು ಬೇರೆ ಎಲ್ಲೆಲ್ಲಿ ಅಡಗಿವೆ ಎಂದು ತಿಳಿಯಬೇಕಾದರೆ ಅಲ್ಲಿ ಕಲೆಗೆ ಹಣ ಹರಿದುಬರುವ ದಾರಿಯನ್ನು ಮೊದಲು ನೋಡಬೇಕು.

ನಾರ್ಡಿಕ್ ದೇಶಗಳಲ್ಲಿ ಕಲೆಯ ಮಾರುಕಟ್ಟೆ ಚಿಕ್ಕದು, ಸಾರ್ವಜನಿಕ ಹಣದ ಪಾಲು ದೊಡ್ಡದು. ಆ ಹಣವನ್ನು ಮಂತ್ರಿಗಳು ನೇರವಾಗಿ ಹಂಚುವುದಿಲ್ಲ. ಸ್ವೀಡನ್ನಿನಲ್ಲಿ 1974ರಿಂದ ಸಂಸ್ಕೃತಿ ಮಂಡಳಿ ಇದೆ, ಒಬ್ಬೊಬ್ಬ ಕಲಾವಿದರಿಗೆ ನೆರವು ಕೊಡಲು ಕಲಾವಿದರ ಅನುದಾನ ಸಮಿತಿ ಪ್ರತ್ಯೇಕವಾಗಿದೆ. ಫಿನ್ಲೆಂಡಿನಲ್ಲಿ ಈ ಕೆಲಸಕ್ಕೆಂದು 2013ರಲ್ಲಿ ಟೈಕೆ ಎಂಬ ಕಲಾ ಉತ್ತೇಜನ ಕೇಂದ್ರ ಬಂತು. ಅದರ ಜೊತೆಗೆ ಖಾಸಗಿ ಪ್ರತಿಷ್ಠಾನಗಳು ದೊಡ್ಡ ಮೊತ್ತ ಕೊಡುತ್ತವೆ: 1956ರಲ್ಲಿ ಹುಟ್ಟಿದ ಕೋನೆ ಪ್ರತಿಷ್ಠಾನ, ಫಿನ್ನಿಷ್ ಸಾಂಸ್ಕೃತಿಕ ಪ್ರತಿಷ್ಠಾನ, ಸ್ವೀಡಿಷ್ ಭಾಷಿಕರಿಗಾಗಿ ಇರುವ ಇನ್ನೊಂದು. ಯಾವ ಅರ್ಜಿಗೆ ಹಣ ಸಿಗಬೇಕೆಂದು ತೀರ್ಮಾನಿಸುವವರು ಸಾಮಾನ್ಯವಾಗಿ ಅದೇ ಕ್ಷೇತ್ರದ ಕಲಾವಿದರು ಮತ್ತು ಪರಿಣತರು. ರಾಜಕೀಯದ ಕೈ ಒಳಗೆ ಬರದಿರಲಿ ಎಂಬ ಉದ್ದೇಶದಿಂದ ಹುಟ್ಟಿದ ಈ ಏರ್ಪಾಡು ಒಳ್ಳೆಯದೇ. ಆದರೆ ಸಮಿತಿಯಲ್ಲಿ ಕೂರುವವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತುಬಿಡುತ್ತದೆ.

ನಾರ್ವೆಯನ್ನೇ ನೋಡಿ. ಅಲ್ಲಿ ಸರ್ಕಾರದ ಕಲಾವಿದ ವೇತನಗಳನ್ನು ಹಂಚುವ ಸಮಿತಿಗಳ ಸದಸ್ಯರನ್ನು ಕಲಾವಿದರ ಸಂಘಟನೆಗಳೇ ಆರಿಸಿ ಕಳಿಸುತ್ತವೆ. ಸಂಘಟನೆಯಲ್ಲಿ ಸದಸ್ಯತ್ವ ಬೇಕಾದರೆ ಆ ದೇಶದೊಳಗೆ ಕೆಲಸದ ದಾಖಲೆ ಬೇಕು. ಫಿನ್ಲೆಂಡಿನ ದೃಶ್ಯಕಲಾವಿದರ ಸಂಘಗಳಲ್ಲಂತೂ ಪ್ರದರ್ಶನ ಮತ್ತು ಕಲಿಕೆಯನ್ನು ಲೆಕ್ಕಹಾಕಿ ಅಂಕ ಕೊಡುವ ಪದ್ಧತಿಯೇ ಇದೆ. ದಮಾಸ್ಕಸ್ಸಿನಲ್ಲೋ ಲಿಮಾದಲ್ಲೋ ಹದಿನೈದು ವರ್ಷ ಕೆಲಸ ಮಾಡಿ ಬಂದ ಚಿತ್ರಕಾರರಿಗೆ ಅಲ್ಲಿನ ಗ್ಯಾಲರಿಗಳ ತೂಕ ಇಲ್ಲಿನ ಸಮಿತಿಗೆ ಗೊತ್ತಿಲ್ಲವೆಂಬ ಒಂದೇ ಕಾರಣಕ್ಕೆ ಹೊಸಬರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ದಾಖಲೆ ಇಲ್ಲದೆ ಸದಸ್ಯತ್ವ ಇಲ್ಲ, ಸದಸ್ಯತ್ವ ಇಲ್ಲದೆ ಸಮಿತಿ ಆರಿಸುವ ಮತವಿಲ್ಲ, ತಮ್ಮನ್ನು ಬಲ್ಲವರಿಲ್ಲದ ಸಮಿತಿಯಿಂದ ಅನುದಾನ ದಕ್ಕುವುದು ಕಷ್ಟ, ಅನುದಾನವಿಲ್ಲದೆ ದಾಖಲೆ ಬೆಳೆಯುವುದಿಲ್ಲ. ಎಲ್ಲರೂ ಪ್ರಾಮಾಣಿಕವಾಗಿದ್ದರೂ ಈ ಸುತ್ತು ತಾನೇ ತಾನಾಗಿ ತಿರುಗುತ್ತದೆ. ಇದನ್ನು ಮುರಿಯುವ ಅತ್ಯಂತ ಸರಳ ದಾರಿ, ಸಮಿತಿಗಳಿಗೆ ಹೆಸರು ಸೂಚಿಸುವ ಹಕ್ಕನ್ನು ಹಳೆಯ ಸಂಘಗಳ ಜೊತೆಗೆ ವಲಸಿಗ ಕಲಾವಿದರ ಸಂಘಗಳಿಗೂ ಕೊಡುವುದು. ಫಿನ್ಲೆಂಡಿನಲ್ಲಿ ಅಂಥ ಸಂಘಗಳು ಈಗಾಗಲೇ ಇವೆ. ಹೆಲ್ಸಿಂಕಿಯ ಗ್ಲೋಬ್ ಆರ್ಟ್ ಪಾಯಿಂಟ್ ಹೊರದೇಶಗಳಿಂದ ಬಂದ ಎಲ್ಲ ಪ್ರಕಾರಗಳ ಕಲಾವಿದರಿಗೆ ಇಂಗ್ಲಿಷಿನಲ್ಲಿ ಸಲಹೆ ಕೊಡುತ್ತದೆ, ಅವರ ಪರವಾಗಿ ಸರ್ಕಾರದೊಡನೆ ಮಾತನಾಡುತ್ತದೆ. ಕಟಲಿಸ್ಟಿ ಎಂಬ ಇನ್ನೊಂದು ಸಂಘವೂ ಇದೆ.

ಇನ್ನು ಭಾಷೆ. ಇದೊಂದು ಸೂಕ್ಷ್ಮ ವಿಷಯ, ಅವಸರದಲ್ಲಿ ತೀರ್ಪು ಕೊಡುವಂಥದ್ದಲ್ಲ. ಫಿನ್ನಿಷ್, ನಾರ್ವೇಜಿಯನ್, ಡೇನಿಷ್ ತಲಾ ಐದಾರು ದಶಲಕ್ಷ ಜನರ ಭಾಷೆಗಳು. ಐಸ್‌ಲ್ಯಾಂಡಿಕ್ ಇನ್ನೂ ಚಿಕ್ಕದು. ನಾರ್ವೆ 1965ರಿಂದ ಹೊಸ ಪುಸ್ತಕಗಳ ಪ್ರತಿಗಳನ್ನು ಸರ್ಕಾರದ ಹಣದಲ್ಲಿ ಕೊಂಡು ಗ್ರಂಥಾಲಯಗಳಿಗೆ ಹಂಚುತ್ತ ಬಂದಿರುವುದು ತನ್ನ ಭಾಷೆಯ ಸಾಹಿತ್ಯ ಉಳಿಯಲಿ ಎಂದೇ. ತನ್ನ ನುಡಿ ಸೊರಗೀತೆಂಬ ಈ ಆತಂಕವನ್ನು ಕನ್ನಡದ ಓದುಗರಿಗೆ ಬಿಡಿಸಿ ಹೇಳಬೇಕಿಲ್ಲ. ಆದರೂ ಹಸನ್ ಬ್ಲಾಸಿಮ್ ಅವರ ಕಥೆ ಕೇಳಿದಾಗ ಈ ಕಾವಲು ಎಲ್ಲಿ ಅತಿಯಾಯಿತು ಎಂಬುದು ಕಾಣುತ್ತದೆ. ಇರಾಕಿನಲ್ಲಿ ಹುಟ್ಟಿದ ಬ್ಲಾಸಿಮ್ 2004ರಿಂದ ಫಿನ್ಲೆಂಡಿನಲ್ಲಿದ್ದಾರೆ, ಅರಬ್ಬಿಯಲ್ಲಿ ಬರೆಯುತ್ತಾರೆ. ಅವರ ಕಥಾಸಂಕಲನದ ಇಂಗ್ಲಿಷ್ ಅನುವಾದ 'ದಿ ಇರಾಕಿ ಕ್ರೈಸ್ಟ್' 2014ರಲ್ಲಿ ಬ್ರಿಟನ್ನಿನ ಇಂಡಿಪೆಂಡೆಂಟ್ ವಿದೇಶಿ ಕಥಾಸಾಹಿತ್ಯ ಪ್ರಶಸ್ತಿ ಗೆದ್ದಿತು. ಅರಬ್ಬಿಯ ಕೃತಿಯೊಂದಕ್ಕೆ ಆ ಪ್ರಶಸ್ತಿ ಬಂದದ್ದು ಅದೇ ಮೊದಲು. ಆಗ ಫಿನ್ಲೆಂಡಿನ ಲೇಖಕರ ಸಂಘದ ಸದಸ್ಯರಾಗಲು ಅವರಿಗೆ ಅವಕಾಶವಿರಲಿಲ್ಲ. ಫಿನ್ನಿಷಿನಲ್ಲಿ ಬರೆಯುವವರಿಗೆ ಒಂದು ಸಂಘ, ಸ್ವೀಡಿಷಿನಲ್ಲಿ ಬರೆಯುವವರಿಗೆ ಇನ್ನೊಂದು. ಆ ದೇಶದಲ್ಲೇ ಕುಳಿತು ಅರಬ್ಬಿಯಲ್ಲಿ ಬರೆಯುವವರು ಎರಡರ ನಡುವೆ ಉಳಿದುಬಿಟ್ಟರು.

ಭಾಷೆಯನ್ನು ಕಾಯುವ ನಿಯಮ ಬೇರೆ, ವೃತ್ತಿಯನ್ನು ಕಾಯುವ ನಿಯಮ ಬೇರೆ. ಫಿನ್ನಿಷ್ ಪುಸ್ತಕಗಳಿಗೆಂದೇ ಮೀಸಲಾದ ಹಣ ಇರಲಿ, ಇರಲೇಬೇಕು. ಆದರೆ ಒಪ್ಪಂದದ ಸಲಹೆ, ಗೌರವಧನದ ದರ, ವಕೀಲರ ನೆರವು ಇವೆಲ್ಲ ಬರೆದು ಬದುಕುವ ಎಲ್ಲರಿಗೂ ಬೇಕಾದವು. ಅವನ್ನು ಭಾಷೆಗೆ ಕಟ್ಟಿಹಾಕುವುದರಿಂದ ಫಿನ್ನಿಷ್ ಭಾಷೆಗೆ ಕಾಸಿನ ಲಾಭವೂ ಇಲ್ಲ. ಇಂಥ ಲೇಖಕರಿಗಾಗಿ ಪೆರುವಿನಿಂದ ಬಂದ ಕವಿ ರೊಕ್ಸಾನಾ ಕ್ರಿಸೋಲೊಗೊ ಹೆಲ್ಸಿಂಕಿಯಲ್ಲಿ ಸಿವುವಾಲೊ ಎಂಬ ಬಹುಭಾಷಾ ಸಾಹಿತ್ಯದ ವೇದಿಕೆ ಕಟ್ಟಿದರು. ರೇಕ್ಯಾವಿಕ್‌ನಲ್ಲಿ 2015ರಲ್ಲಿ ಶುರುವಾದ ಓಸ್ ಪ್ರೆಸ್ಸನ್ ಅದೇ ಬಗೆಯದು. ಎರಡನ್ನೂ ಕಟ್ಟಿದವರು ಲೇಖಕರೇ. ದೊಡ್ಡ ಪ್ರಕಾಶನ ಸಂಸ್ಥೆಗಳು ಮಾಡಬಹುದಾದ ಕೆಲಸ ಅವರ ಹೆಗಲಿಗೆ ಬಿತ್ತು.

ರಂಗಭೂಮಿಯಲ್ಲಿ ಭಾಷೆಯ ಜೊತೆಗೆ ಉಚ್ಚಾರವೂ ಸೇರಿಕೊಳ್ಳುತ್ತದೆ. ಓಸ್ಲೋದ ನಾರ್ಡಿಕ್ ಬ್ಲ್ಯಾಕ್ ಥಿಯೇಟರ್ ಇಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ಸೇಶೆಲ್ಸ್ ಮೂಲದ ಕ್ಲಿಫ್ ಮೌಸ್ಟಾಶ್ ಮತ್ತು ನಾರ್ವೆಯ ಯಾರ್ಲ್ ಸೋಲ್ಬರ್ಗ್ 1992ರಲ್ಲಿ ಅದನ್ನು ಕಟ್ಟಿದರು. ನಾಟಕ ಆಡಿಸುವುದಷ್ಟೇ ಅವರ ಕೆಲಸವಾಗಿರಲಿಲ್ಲ. ನಾರ್ವೇಜಿಯನ್ನರಲ್ಲದ ಹಿನ್ನೆಲೆಯ ಯುವಕ ಯುವತಿಯರಿಗೆ ನಟನೆ ಕಲಿಸುವ ತರಬೇತಿಯನ್ನೂ ನಡೆಸಿಕೊಂಡು ಬಂದರು. 'ನಮಗೆ ತಕ್ಕ ನಟರು ಸಿಗುವುದಿಲ್ಲ' ಎನ್ನುವ ದೊಡ್ಡ ರಂಗಮಂದಿರಗಳ ಮಾತಿಗೆ ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ. ಇಂಥ ಸಂಸ್ಥೆಗಳಿಗೆ ಯೋಜನೆಯಿಂದ ಯೋಜನೆಗೆ ಸಿಗುವ ಹಣ ಸಾಲದು, ವರ್ಷವರ್ಷವೂ ಬರುವ ಮೂಲ ಅನುದಾನ ಬೇಕು. ಒಂದು ವರ್ಷದ ಯೋಜನೆಯಲ್ಲಿ ಯಾರೂ ನಟರಾಗುವುದಿಲ್ಲ.

ಕಲೆಯ ಇಲಾಖೆ ಎಷ್ಟೇ ಉದಾರವಾಗಿದ್ದರೂ ವಲಸೆ ಇಲಾಖೆಯ ಕಾನೂನು ಬೇರೆಯೇ. ಹೊರದೇಶದಲ್ಲಿ ಹುಟ್ಟಿದವರೆಲ್ಲ ಅದರ ಕಣ್ಣಿಗೆ ಒಂದೇ ಅಲ್ಲ. 1954ರಿಂದ ನಾರ್ಡಿಕ್ ಪ್ರಜೆಗಳು ಒಂದು ದೇಶದಿಂದ ಇನ್ನೊಂದಕ್ಕೆ ಪರವಾನಗಿ ಇಲ್ಲದೆ ಹೋಗಿ ದುಡಿಯಬಹುದು. ಯುರೋಪಿಯನ್ ಒಕ್ಕೂಟದವರಿಗೂ ಹೆಚ್ಚು ತೊಂದರೆ ಇಲ್ಲ. ಭಾರತ, ನೈಜೀರಿಯಾ, ಇರಾನ್‌ನಂಥ ದೇಶಗಳಿಂದ ಬಂದವರಿಗೆ ವಾಸ ಪರವಾನಗಿ ಬೇಕು, ಪರವಾನಗಿಗೆ ನಿಯಮಿತ ಆದಾಯದ ಪುರಾವೆ ಬೇಕು. ಕಲಾವಿದರ ಆದಾಯ ಹಾಗೆ ಬರುವುದೇ ಇಲ್ಲ: ಎರಡು ತಿಂಗಳ ನಾಟಕ, ನಾಲ್ಕು ತಿಂಗಳ ಅನುದಾನ, ನಡುವೆ ಖಾಲಿ. ಆ ಖಾಲಿ ತಿಂಗಳುಗಳಲ್ಲಿ ಓದುವುದು, ತಾಲೀಮು, ಮುಂದಿನ ಅರ್ಜಿ ಎಲ್ಲ ನಡೆಯುತ್ತವೆ, ಆದರೆ ವಲಸೆ ಅಧಿಕಾರಿಯ ಕಡತದಲ್ಲಿ ಅದು ನಿರುದ್ಯೋಗ. ಸಂಸ್ಕೃತಿ ಸಚಿವಾಲಯಗಳು ಒಳಗೊಳ್ಳುವಿಕೆಯ ಬಗ್ಗೆ ವರದಿ ಬರೆಯುವಾಗ ವಲಸೆ ಇಲಾಖೆಯವರನ್ನೂ ಅದೇ ಮೇಜಿಗೆ ಕರೆಯದಿದ್ದರೆ ಆ ವರದಿಯಿಂದ ಯಾವ ಕಲಾವಿದರ ಪರವಾನಗಿಯೂ ಮುಂದುವರಿಯುವುದಿಲ್ಲ.

ಕಲಾಶಾಲೆಗಳ ಬಾಗಿಲೂ ಕಿರಿದಾಗಿದೆ. ಯುರೋಪಿನ ಹೊರಗಿನ ವಿದ್ಯಾರ್ಥಿಗಳಿಗೆ ಡೆನ್ಮಾರ್ಕ್ 2006ರಲ್ಲಿ, ಸ್ವೀಡನ್ 2011ರಲ್ಲಿ, ಫಿನ್ಲೆಂಡ್ 2017ರಲ್ಲಿ, ಕೊನೆಗೆ ನಾರ್ವೆ 2023ರಲ್ಲಿ ಬೋಧನಾ ಶುಲ್ಕ ಹಾಕಿದವು. ಎಂಜಿನಿಯರ್ ಆಗುವವರು ಮುಂದೆ ಆ ಹಣ ದುಡಿದುಕೊಳ್ಳಬಹುದು. ಶಿಲ್ಪಿಗೆ, ನೃತ್ಯಗಾರ್ತಿಗೆ ಅದು ಸುಲಭವಲ್ಲ. ಕಲಾ ವಿಭಾಗಗಳಿಗೆ ಪೂರ್ಣ ಶುಲ್ಕ ವಿನಾಯಿತಿಯ ಸ್ಥಾನಗಳು ಹೆಚ್ಚಬೇಕು. ಇಲ್ಲವಾದರೆ ಹೊರಗಿನಿಂದ ಬರುವ ಕಲಾವಿದರೆಂದರೆ ಹೊರಗಿನ ಶ್ರೀಮಂತರು ಎಂದಷ್ಟೇ ಆದೀತು.

ಇಷ್ಟರ ನಡುವೆಯೂ ಒಳಗೆ ಬಂದು ಕ್ಷೇತ್ರದ ರೂಪವನ್ನೇ ಬದಲಿಸಿದವರಿದ್ದಾರೆ. 2017ರಲ್ಲಿ ಹೆಲ್ಸಿಂಕಿಯ ಪೂರ್ವಕ್ಕಿರುವ ಕೊಂಟುಲಾ ಎಂಬ ಬಡಾವಣೆಯಲ್ಲಿ ಕೆಲವು ಕಲಾವಿದರು ಸೇರಿ 'ಮ್ಯೂಸಿಯಂ ಆಫ್ ಇಂಪಾಸಿಬಲ್ ಫಾರ್ಮ್ಸ್' ಶುರುಮಾಡಿದರು. ಸ್ಥಾಪಕರಲ್ಲಿ ಭಾರತದಿಂದ ಹೋದ ಅಲಿ ಅಕ್ಬರ್ ಮೆಹ್ತಾ ಮತ್ತು ವಿಧಾ ಸೌಮ್ಯ ಇದ್ದರು. ಕೊಂಟುಲಾ ವಲಸಿಗರು ಹೆಚ್ಚಾಗಿ ವಾಸಿಸುವ ಜಾಗ. ನಗರದ ಮಧ್ಯದ ಗ್ಯಾಲರಿಗೆ ಅವರನ್ನು ಕರೆಯುವ ಬದಲು ಗ್ಯಾಲರಿಯೇ ಅವರ ಬಳಿಗೆ ಹೋಯಿತು. ಪಟ್ನಾದಲ್ಲಿ ಹುಟ್ಟಿದ ವಿಧಾ ಸೌಮ್ಯ 2024ರ ವೆನಿಸ್ ಬಿಯೆನಾಲೆಯಲ್ಲಿ ಫಿನ್ಲೆಂಡಿನ ಮಂಟಪದಲ್ಲಿ ತಮ್ಮ ಕೃತಿಗಳನ್ನಿಟ್ಟ ಮೂವರು ಕಲಾವಿದರಲ್ಲಿ ಒಬ್ಬರು. ಬಿಯೆನಾಲೆಯಲ್ಲಿ ದೇಶದ ಮಂಟಪವೆಂದರೆ ದೇಶ ತನ್ನನ್ನು ಜಗತ್ತಿಗೆ ತೋರಿಸಿಕೊಳ್ಳುವ ಜಾಗ. ಅಲ್ಲಿ ಆಕೆಯ ಹೆಸರಿದ್ದದ್ದು ನನಗೆ ಯಾವ ವೈವಿಧ್ಯ ವರ್ಷಕ್ಕಿಂತಲೂ ಹೆಚ್ಚು ಖುಷಿ ಕೊಟ್ಟಿತು.

ಆದರೆ ಒಬ್ಬಿಬ್ಬರು ಗೆದ್ದರು ಎಂದು ಲೆಕ್ಕ ಬಿಡುವ ಹಾಗಿಲ್ಲ. ನಾರ್ಡಿಕ್ ದೇಶಗಳು ಜನರ ಜನಾಂಗವನ್ನು ದಾಖಲಿಸುವುದಿಲ್ಲ, ಹುಟ್ಟಿದ ದೇಶವನ್ನು ದಾಖಲಿಸುತ್ತವೆ. ಸ್ವೀಡನ್ನಿನಲ್ಲಿ ಐವರಲ್ಲಿ ಒಬ್ಬರು ಹೊರದೇಶದಲ್ಲಿ ಹುಟ್ಟಿದವರು ಎಂದು ನಮಗೆ ಗೊತ್ತಿರುವುದು ಹಾಗೆ. ಅನುದಾನಕ್ಕೆ ಅರ್ಜಿ ಹಾಕಿದವರು, ಪಡೆದವರು, ಸಮಿತಿಯಲ್ಲಿ ಕೂತವರು, ರಂಗಮಂದಿರಗಳಲ್ಲಿ ಕಾಯಂ ನೌಕರಿಯಲ್ಲಿರುವವರು ಈ ನಾಲ್ಕೂ ಗುಂಪುಗಳಲ್ಲಿ ಆ ಪಾಲು ಎಷ್ಟು ಎಂದು ಪ್ರತಿವರ್ಷ ಪ್ರಕಟಿಸಲು ಹೊಸ ಕಾನೂನೇನೂ ಬೇಡ, ಮನಸ್ಸು ಬೇಕು. ಕಾನೂನಿನಲ್ಲಿ ಒಂದು ರಂಧ್ರವೂ ಇದೆ. ಫಿನ್ಲೆಂಡಿನ ತಾರತಮ್ಯ ವಿರೋಧಿ ಕಾಯ್ದೆ 2015ರಿಂದ ಮೂವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಸಮಾನತೆಯ ಯೋಜನೆ ಬರೆಯುವುದನ್ನು ಕಡ್ಡಾಯ ಮಾಡಿದೆ. ಗ್ಯಾಲರಿ, ನೃತ್ಯತಂಡ, ಉತ್ಸವದ ಕಚೇರಿಗಳಲ್ಲಿ ಹೆಚ್ಚಿನವು ಅಷ್ಟು ದೊಡ್ಡವಲ್ಲ. ಅನುದಾನ ಕೊಡುವ ಸಂಸ್ಥೆಯೇ ಅದನ್ನು ಷರತ್ತಾಗಿ ಇಟ್ಟರೆ ಆ ರಂಧ್ರ ಮುಚ್ಚುತ್ತದೆ.

ಅಲ್ಲಿಗೆ ಹೋಗಿ ನೆಲೆಸಿದ ಅಥವಾ ಹೋಗಲಿರುವ ಕಲಾವಿದರಿಗೆ ಉಪಯೋಗವಾಗುವ ಒಂದಿಷ್ಟು ಮಾತು. ಫಿನ್ಲೆಂಡಿನ ಸರ್ಕಾರಿ ಕಲಾವಿದ ವೇತನಕ್ಕೆ ಪೌರತ್ವ ಬೇಕಿಲ್ಲ, ಅಲ್ಲಿ ಕಾಯಂ ವಾಸವಿರಬೇಕು. ಸ್ವೀಡನ್ನಿನಲ್ಲೂ ನೋಡುವುದು ವಾಸ ಮತ್ತು ಕೆಲಸವನ್ನೇ. ಇದು ತಿಳಿಯದೆ ಅರ್ಜಿಯನ್ನೇ ಹಾಕದೆ ಉಳಿಯಬೇಡಿ. ಕೋನೆ ಪ್ರತಿಷ್ಠಾನ ಇಂಗ್ಲಿಷಿನಲ್ಲಿ ಬರೆದ ಅರ್ಜಿಯನ್ನೂ ಸ್ವೀಕರಿಸುತ್ತದೆ, ಅದರ ವಾರ್ಷಿಕ ಅರ್ಜಿಯ ಕಾಲ ಸೆಪ್ಟೆಂಬರ್. ಮೂನಮಾಕಿಯಲ್ಲಿ ಅದು ನಡೆಸುವ ಸಾರಿ ರೆಸಿಡೆನ್ಸಿಗೆ ಹೊರದೇಶಗಳಲ್ಲಿರುವವರೂ ಅರ್ಜಿ ಹಾಕಬಹುದು. ಒಂದು ನಾರ್ಡಿಕ್ ದೇಶದಿಂದ ಇನ್ನೊಂದಕ್ಕೆ ಕೆಲಸದ ಮೇಲೆ ಹೋಗಬೇಕಾದರೆ ಹೆಲ್ಸಿಂಕಿಯ ನಾರ್ಡಿಕ್ ಸಂಸ್ಕೃತಿ ಕೇಂದ್ರದಲ್ಲಿ ಪ್ರಯಾಣ ಅನುದಾನವಿದೆ. ಬರೆದದ್ದಕ್ಕಾಗಿ ಕಿರುಕುಳಕ್ಕೆ ಒಳಗಾದ ಲೇಖಕರಿಗೆ ಸ್ಟಾವಾಂಗರ್‌ನಲ್ಲಿ ಕೇಂದ್ರ ಕಚೇರಿ ಇರುವ ಐಕಾರ್ನ್ ಆಶ್ರಯ ನಗರಗಳನ್ನು ಹುಡುಕಿಕೊಡುತ್ತದೆ. ಪ್ಯಾಲೆಸ್ತೀನಿ ಲೇಖಕ ಮಾಝೆನ್ ಮಾರೂಫ್ 2011ರಲ್ಲಿ ರೇಕ್ಯಾವಿಕ್ ತಲುಪಿದ್ದು ಆ ದಾರಿಯಲ್ಲೇ.

ಕೊನೆಯದು ಹಲವರು ಮರೆಯುವ ವಿಷಯ. ಫಿನ್ಲೆಂಡಿನಲ್ಲಿ ಅನುದಾನ ಸಂಬಳವಲ್ಲ, ಅದಕ್ಕೆ ಮಾಲೀಕರಿಲ್ಲ, ಆದ್ದರಿಂದ ಪಿಂಚಣಿ ಕಟ್ಟುವವರೂ ಇಲ್ಲ. 2009ರಿಂದ ಈ ಹೊಣೆ ಮೇಲಾ ಎಂಬ ವಿಮಾ ಸಂಸ್ಥೆಗೆ ಸೇರಿದೆ. ಅದು ಮೂಲತಃ ರೈತರಿಗಾಗಿ ಹುಟ್ಟಿದ್ದು. ಕನಿಷ್ಠ ನಾಲ್ಕು ತಿಂಗಳ ಅನುದಾನ ಸಿಕ್ಕಿದರೆ ಕೆಲಸ ಶುರುವಾದ ಮೂರು ತಿಂಗಳೊಳಗೆ ಅಲ್ಲಿ ವಿಮೆಗೆ ಅರ್ಜಿ ಹಾಕಬೇಕು. ಪಿಂಚಣಿ, ಅಪಘಾತ, ಕಾಯಿಲೆಯ ಭತ್ಯೆ ಎಲ್ಲ ಅದರಿಂದಲೇ ಲೆಕ್ಕವಾಗುತ್ತವೆ. ಅನುದಾನ ಮಂಜೂರಾದ ಪತ್ರ ಕಳಿಸುವಾಗಲೇ ಈ ಮಾಹಿತಿಯನ್ನು ಕಲಾವಿದರಿಗೆ ಅರ್ಥವಾಗುವ ಭಾಷೆಯಲ್ಲಿ ಜೊತೆಗಿಟ್ಟು ಕಳಿಸುವುದು ಯಾವ ಪ್ರತಿಷ್ಠಾನಕ್ಕೂ ಕಷ್ಟದ ಕೆಲಸವಲ್ಲ. ಕಳಿಸದಿದ್ದರೆ ಪತ್ರ ಬಂದ ದಿನವೇ ನೀವಾಗಿಯೇ ಕೇಳಿ.