ಸದ್ದಿಲ್ಲದ ಕಾಯಿ

ಅಟ್ಟದ ಮೇಲಿನ ಕಾಯಿ ಕೊಬ್ಬರಿಯಾಯಿತೇ ಎಂದು ತಿಳಿಯಲು ತಿಪಟೂರು ಸೀಮೆಯಲ್ಲಿ ಯಾರೂ ಒಡೆದು ನೋಡುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ಕುಲುಕಿದರೆ ಇನ್ನೂ ಹಸಿ. ಗಿಟುಕು ಲೊಟಲೊಟ ಎಂದರೆ ಸುಲಿಯಬಹುದು. ಸದ್ದೇ ಬರದಿದ್ದರೆ? ನೀರು ಇಂಗಿದೆ, ತಿರುಳಿನ್ನೂ ಚಿಪ್ಪು ಬಿಟ್ಟಿಲ್ಲ ಎಂದಿರಬಹುದು. ಒಳಗೇ ಕೊಳೆತಿರಲೂಬಹುದು.

2024ರ ಹಂಗಾಮಿಗೆ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲಿಗೆ 12,000 ರೂಪಾಯಿ ಇತ್ತು. ಇಂಥ ಬೆಲೆಗೆ ಹೆಸರು ಬರೆಸುವ ದಿನ ತುರುವೇಕೆರೆಯಿಂದ ಚಿಕ್ಕನಾಯಕನಹಳ್ಳಿವರೆಗೆ ಎಲ್ಲರ ಕಣ್ಣೂ ಕಂಪ್ಯೂಟರಿನ ಮೇಲೆ. ಪರದೆಯಲ್ಲಿ ಚಕ್ರ ತಿರುಗಿ ತಿರುಗಿ ಕೊನೆಗೆ ‘ಕನೆಕ್ಷನ್ ಟೈಮ್ಡ್ ಔಟ್’. ನೋಂದಣಿ ಸೆಂಟರಿನ ಹುಡುಗ ತಕ್ಷಣ ತೀರ್ಪು ಕೊಟ್ಟ: ‘ಸರ್ವರ್ ಬಿದ್ದೋಗಿದೆ ಯಜಮಾನ್ರೇ, ನಾಳೆ ಬನ್ನಿ.’

ಸರ್ವರ್ ಹಾಗೆಂದು ಹೇಳಲೇ ಇಲ್ಲ. ಆ ವಾಕ್ಯ ಬರೆದದ್ದು ಹುಡುಗನ ಎದುರಿಗಿದ್ದ ಕಂಪ್ಯೂಟರು, ಅದೂ ಕಾದು ಕಾದು ಬೇಸತ್ತ ಮೇಲೆ. ವಿಂಟ್ ಸರ್ಫ್ ಮತ್ತು ರಾಬರ್ಟ್ ಕಾನ್ 1974ರಲ್ಲಿ ರೂಪಿಸಿದ ಟಿಸಿಪಿ ಪದ್ಧತಿಯಲ್ಲಿ ಮಾತಿಗೆ ಮೊದಲು ಕರೆ, ಓಗೊಡುವಿಕೆ ಆಗಬೇಕು. ನಮ್ಮ ಯಂತ್ರ ‘ಸಿನ್’ ಎಂಬ ಪುಟ್ಟ ಪ್ಯಾಕೆಟ್ ಕಳಿಸುತ್ತದೆ. ಸರ್ವರ್ ‘ಸಿನ್-ಆಕ್’ ಎನ್ನುತ್ತದೆ. ನಮ್ಮದು ‘ಆಕ್’ ಎಂದ ಮೇಲೇ ವ್ಯವಹಾರ. ಸರ್ವರ್ ಓಗೊಡದಿದ್ದರೆ ನಮ್ಮ ಯಂತ್ರ ಮತ್ತೆ ಕೂಗುತ್ತದೆ, ಆದರೆ ಪ್ರತಿ ಸಲ ಎರಡು ಪಟ್ಟು ತಡೆದು. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆ ಬಹುಕಾಲ ಪಾಲಿಸಿದ ಲೆಕ್ಕ 1, 2, 4, 8, 16, 32, 64 ಸೆಕೆಂಡು: ಒಟ್ಟು 127. ಆಮೇಲೆ ಕೈಬಿಡುತ್ತದೆ.

‘ಕನೆಕ್ಷನ್ ರೆಫ್ಯೂಸ್ಡ್’ ಎಂದು ಬಂದರೆ ನನಗಂತೂ ಸಮಾಧಾನ. ಅಲ್ಲಿ ಯಾರೋ ಇದ್ದಾರೆ, ಅಂಗಡಿ ತೆರೆದಿಲ್ಲ ಎಂದು ಬಾಯಿಬಿಟ್ಟು ಹೇಳುತ್ತಿದ್ದಾರೆ. ಪ್ರೋಗ್ರಾಮ್ ಮತ್ತೆ ಶುರು ಮಾಡಿದರೆ ಬಹುಪಾಲು ಮುಗಿಯಿತು. ‘504’ ಎಂಬ ದೋಷಸಂಖ್ಯೆ ಬಂದರೂ ಪರವಾಗಿಲ್ಲ: ಬಾಗಿಲಲ್ಲಿರುವ ಸರ್ವರ್ ಮಾತಾಡಿದೆ, ಅದರ ಹಿಂದಿರುವುದು, ಹೆಚ್ಚಾಗಿ ಡೇಟಾಬೇಸು, ಹೊತ್ತಿಗೆ ಸರಿಯಾಗಿ ಉತ್ತರ ಕೊಟ್ಟಿಲ್ಲ. ಕಷ್ಟವೆಲ್ಲ, ಸದ್ದಿಲ್ಲದ ಕಾಯಿಯಂತೆ, ಮೌನದ್ದೇ.

ಮೌನ ಎಲ್ಲಿಂದ ಶುರುವಾಗಿದೆ ಎಂದು ಹುಡುಕಬೇಕು. ಬೇರೆ ಜಾಲತಾಣ ತೆರೆಯುತ್ತದೆಯೇ? ಇಲ್ಲವಾದರೆ ರೋಗ ನಮ್ಮ ಲೈನಿನದು. ಮೊಬೈಲ್ ಡೇಟಾದಲ್ಲಿ ಅದೇ ಪುಟ ಬಂದರೆ ದಾರಿ ಕೆಟ್ಟಿದೆ, ಸರ್ವರ್ ನೆಟ್ಟಗಿದೆ. ಎಲ್ಲರಿಗೂ ಮೌನವೇ ಎಂದಾದರೆ ನೋಡಿಕೊಳ್ಳುವವರು ಮೊದಲು ಫೈರ್‌ವಾಲ್ ತೆರೆದು ನೋಡಲಿ. ಕಳ್ಳನಿಗೆ ಮನೆಯಲ್ಲಿ ಜನರಿದ್ದಾರೆಂಬ ಸುಳಿವೂ ಸಿಗಬಾರದೆಂದು ಅದು ಬೇಡದ ಕರೆಗಳನ್ನು ಸದ್ದಿಲ್ಲದೆ ನುಂಗುತ್ತದೆ. ಅದರ ನಿಯಮದಲ್ಲಿ ಒಂದು ಪೋರ್ಟ್ ನಂಬರ್ ತಪ್ಪಿದರೆ ಬೇಕಾದವರನ್ನೂ ನುಂಗುತ್ತದೆ. ಆ ನಿಯಮ ಸರಿಯಿದ್ದರೆ ಸರತಿ ನೋಡಬೇಕು. ಬಂದ ಕರೆಗಳನ್ನು ಸರ್ವರ್ ಸಾಲಿನಲ್ಲಿ ನಿಲ್ಲಿಸುತ್ತದೆ; ಹಳೆಯ ಲಿನಕ್ಸ್‌ನಲ್ಲಿ ಆ ಸಾಲಿನ ರೂಢಿಯ ಮಿತಿ 128. 2019ರ 5.4ನೇ ಆವೃತ್ತಿಯಲ್ಲಿ ಅದನ್ನು 4096ಕ್ಕೆ ಏರಿಸಿದರು. ಸಾಲು ತುಂಬಿದರೆ ಬಾಗಿಲಿಗೆ ಬಂದವರನ್ನು ಬನ್ನಿ ಎನ್ನುವವರೂ ಇಲ್ಲ, ಹೋಗಿ ಎನ್ನುವವರೂ ಇಲ್ಲ.

ನೋಂದಣಿಯ ದಿನ ಆ ಸಾಲನ್ನು ಉದ್ದ ಮಾಡುವವರು ನಾವೇ. ರಿಫ್ರೆಶ್ ಒತ್ತಿದಾಗ ನಮ್ಮ ಪಾಲಿಗೆ ಹಳೆಯ ಕೋರಿಕೆ ಸತ್ತಿತು, ಆದರೆ ಸರ್ವರ್ ಎಷ್ಟೋ ಸಲ ಅದನ್ನೂ ಮಾಡುತ್ತಲೇ ಇರುತ್ತದೆ, ಹೊಸದನ್ನೂ ಹೊರುತ್ತದೆ. ಹೀಗೇ 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಪಕ್ಕದ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜದ ಅಂತರದಲ್ಲಿ, ಸೆಕೆಂಡಿಗೆ 32,000 ಬಿಟ್ ಹರಿಯುತ್ತಿದ್ದ ಮಾಹಿತಿ 40 ಬಿಟ್‌ಗೆ ಇಳಿಯಿತು. ದಾರಿ ಕಿಕ್ಕಿರಿದಿದ್ದರೂ ಯಂತ್ರಗಳು ಕಳಿಸಿದ್ದನ್ನೇ ಮತ್ತೆ ಮತ್ತೆ ಕಳಿಸುತ್ತಿದ್ದವು. ವ್ಯಾನ್ ಜೇಕಬ್ಸನ್ 1988ರಲ್ಲಿ ಬರೆದ ಮದ್ದನ್ನು, ಅಂದರೆ ನಿಧಾನವಾಗಿ ಶುರುಮಾಡುವುದನ್ನೂ ನಷ್ಟ ಕಂಡೊಡನೆ ಕಳಿಸುವುದನ್ನು ತಗ್ಗಿಸುವುದನ್ನೂ, ಇಂದು ಜಗತ್ತಿನ ಕಂಪ್ಯೂಟರುಗಳೆಲ್ಲ ಕಲಿತಿವೆ.

ನಮ್ಮ ಸೆಂಟರಿನ ಕೀಬೋರ್ಡಿನಲ್ಲಿ ಮಾತ್ರ ರಿಫ್ರೆಶ್ ಮಾಡುವ ಎಫ್5 ಕೀಲಿಯ ಅಕ್ಷರ ಸವೆದು ಕಾಣದಾಗಿದೆ.